ರಾತ್ರಿ ಒಂಬತ್ತರ ಗೇಟು: ಆನೆ ದಾರಿಯ ಜಗಳ ಎಲ್ಲಿ ಬಗೆಹರಿಯುತ್ತದೆ?

ರಾತ್ರಿ ಎಂಟೂ ಮುಕ್ಕಾಲಿಗೆ ಮದ್ದೂರು ಚೆಕ್‌ಪೋಸ್ಟ್ ಹತ್ತಿರ ನಿಂತು ನೋಡಬೇಕು. ಮಂಡ್ಯ ಜಿಲ್ಲೆಯ ಮದ್ದೂರಲ್ಲ. ಗುಂಡ್ಲುಪೇಟೆಯಿಂದ ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ, ಬಂಡೀಪುರ ಕಾಡು ಶುರುವಾಗುವ ಕಡೆ ಇರುವ ಮದ್ದೂರು. ಟೊಮೆಟೊ ಕ್ರೇಟು ತುಂಬಿದ ಪಿಕಪ್‌ಗಳು ಏದುಸಿರು ಬಿಡುತ್ತಾ ಬರುತ್ತವೆ. ಕೇರಳದ ಕಾರುಗಳು ಹೆಡ್‌ಲೈಟ್ ಮಿಟುಕಿಸುತ್ತಾ ನುಗ್ಗುತ್ತವೆ. ಇನ್ನು ಹತ್ತು ನಿಮಿಷ, ಇನ್ನು ಐದು ನಿಮಿಷ. ಒಂಬತ್ತಾಯಿತು ಅಂದರೆ ಗೇಟು ಬೀಳುತ್ತದೆ. ಆಮೇಲೆ ಬಂದವರು ಗಾಡಿ ಪಕ್ಕಕ್ಕೆ ಹಾಕಿ, ಸೀಟಿನಲ್ಲೇ ಮೈ ಚೆಲ್ಲಿ, ಬೆಳಿಗ್ಗೆ ಆರಕ್ಕೆ ಕಾಯಬೇಕು. ಆಂಬುಲೆನ್ಸ್‌ಗೆ ದಾರಿ ಇದೆ. ಲೆಕ್ಕ ಹಾಕಿ ಬಿಟ್ಟಿರುವ ಕೆಲವು ಸರ್ಕಾರಿ ಬಸ್ಸಿಗೂ ಇದೆ. ಬೇರೆ ಯಾರಿಗೂ ಇಲ್ಲ.

ಗೇಟು ಬಿದ್ದು ಅರ್ಧ ಗಂಟೆಯಾದರೆ ಸಾಕು, ರಸ್ತೆಯ ಮೇಲಿದ್ದ ಎಂಜಿನ್ ಸದ್ದು ಪೂರ್ತಿ ಇಳಿಯುತ್ತದೆ. ಆಗ ಜಿಂಕೆ ಟಾರಿನ ಮೇಲೆ ಬಂದು ನಿಲ್ಲುತ್ತವೆ. ಆನೆ ಹಿಂಡು ಮರಿಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು, ಅವಸರವಿಲ್ಲದೆ ಆಚೆ ದಾಟುತ್ತದೆ.

ಈ ಗೇಟಿಗೂ ಒಂದು ಜಗಳದ ಕಥೆ ಇದೆ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ ಸಂಚಾರ ನಿಲ್ಲಿಸಿ ಆದೇಶ ಮಾಡಿತು. ವಿರೋಧ ಜೋರಾಗಿ ಬಂತು, ಆದೇಶ ಹಿಂದಕ್ಕೆ ಹೋಯಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. 2010ರಲ್ಲಿ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಗುಂಡ್ಲುಪೇಟೆ–ಊಟಿ ರಸ್ತೆಗೂ ಅದೇ ನಿಯಮ. ಅಲ್ಲಿಂದ ಇಲ್ಲಿಯವರೆಗೆ ವಯನಾಡಿನ ಜನ ಇದನ್ನು ಒಪ್ಪಿಲ್ಲ. 2019ರಲ್ಲಿ ಹಗಲೂ ರಸ್ತೆ ಮುಚ್ಚಿದರೆ ಹೇಗೆ ಅನ್ನುವ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂದಾಗ ಬತ್ತೇರಿಯಲ್ಲಿ ಜನ ಬೀದಿಗಿಳಿದರು. ಅವರ ಸಿಟ್ಟು ಸುಳ್ಳಲ್ಲ. ಮೈಸೂರಿನ ಆಸ್ಪತ್ರೆ, ಬೆಂಗಳೂರಿನ ಕಾಲೇಜು, ತರಕಾರಿ, ಅಕ್ಕಿ ಎಲ್ಲವೂ ಅವರಿಗೆ ಈ ರಸ್ತೆಯಲ್ಲೇ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವಾಗಿ ಮಾನಂದವಾಡಿಗೆ ಬದಲಿ ರಸ್ತೆ ಇದೆ ನಿಜ. ಆದರೆ ರೋಗಿಯನ್ನು ಕಾರಿನಲ್ಲಿ ಮಲಗಿಸಿಕೊಂಡು ಹೊರಟವನಿಗೆ ಸುತ್ತು ಸುತ್ತೇ.

ಇಷ್ಟಾದರೂ ಗೇಟು ಹದಿನೈದು ವರ್ಷಕ್ಕಿಂತ ಜಾಸ್ತಿ ಕಾಲ ಉಳಿದಿದೆ. ಯಾಕೆ? ಯಾರೂ ಇಲ್ಲಿ ಜಾಗ ಕಳೆದುಕೊಂಡಿಲ್ಲ. ಮನೆ, ಗದ್ದೆ ಹೋಗಿಲ್ಲ. ಹೊತ್ತನ್ನು ಹಂಚಿಕೊಂಡಿದ್ದಾರೆ, ಅಷ್ಟೆ. ಹಗಲು ನಮ್ಮದು, ರಾತ್ರಿ ಅವುಗಳದ್ದು. ಆನೆ ದಾರಿಯ ಜಗಳಗಳನ್ನು ಹಲವು ವರ್ಷಗಳಿಂದ ಗಮನಿಸುತ್ತಾ ಬಂದ ನನಗೆ, ಬಗೆಹರಿದ ಕಡೆಗಳಲ್ಲೆಲ್ಲ ಇಂಥದ್ದೇ ಒಂದು ಹಂಚಿಕೆ ಕಾಣಿಸಿದೆ. ಬಗೆಹರಿಯದ ಕಡೆ, ಯಾರೋ ಒಬ್ಬರ ತಲೆಯ ಮೇಲೆ ಪೂರ್ತಿ ಖರ್ಚು ಹೇರಿರುವುದು ಕಾಣಿಸಿದೆ.

ಹೊತ್ತು ಹಂಚುವಾಗಲೂ ಅಲ್ಲಿನ ಜನರನ್ನು ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದಿಂಬಂ ಘಾಟಿ ಉದಾಹರಣೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ರಸ್ತೆ ಅದು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ಅಲ್ಲಿ ರಾತ್ರಿ ಸಂಚಾರ ನಿಂತಿತು. ಘಾಟಿಯ ಮೇಲಿರುವ ತಾಳವಾಡಿ ಸೀಮೆ ತಮಿಳುನಾಡಿನಲ್ಲಿದ್ದರೂ ಮನೆ ಮಾತು ಕನ್ನಡ. ಅಲ್ಲಿನ ರೈತರು ಬೆಳೆದ ತರಕಾರಿ ಘಾಟಿ ಇಳಿದೇ ಮಾರುಕಟ್ಟೆಗೆ ಹೋಗಬೇಕು. ಜನ ಪ್ರತಿಭಟನೆಗೆ ಕೂತರು. ಕಡೆಗೆ ಸ್ಥಳೀಯರಿಗೆ ವಿನಾಯಿತಿ ಸಿಕ್ಕಿತು. ಮೊದಲೇ ಕೂತು ಮಾತಾಡಿದ್ದರೆ ಇದೇ ನಿಯಮ ಜಗಳವಿಲ್ಲದೆ ಬರುತ್ತಿತ್ತು ಅಲ್ವಾ?

ಆನೆ ನಡೆದದ್ದೇ ದಾರಿ ಅನ್ನುತ್ತೇವೆ. ಗಾದೆಯಾಗಿ ಸರಿ. ಆದರೆ ನಿಜವಾದ ಆನೆ ಮನಸ್ಸಿಗೆ ಬಂದ ಕಡೆ ನಡೆಯುವುದಿಲ್ಲ. ಅಜ್ಜಿ ನಡೆದ ದಾರಿಯಲ್ಲಿ ಮಗಳು, ಮಗಳ ಹಿಂದೆ ಮೊಮ್ಮಗಳು. ಹಿಂಡನ್ನು ನಡೆಸುವ ಹಿರಿಯ ಹೆಣ್ಣಾನೆಯ ನೆನಪಿನಲ್ಲಿ ಯಾವ ತಿಂಗಳು ಎಲ್ಲಿ ನೀರು, ಎಲ್ಲಿ ಹುಲ್ಲು ಅನ್ನುವ ಲೆಕ್ಕ ಇರುತ್ತದೆ. ಬೇಸಿಗೆಯಲ್ಲಿ ಬಂಡೀಪುರ, ಮುದುಮಲೈ ಕಾಡಿನ ಪೂರ್ವದ ಭಾಗ ಒಣಗುತ್ತದೆ. ಆಗ ಹಿಂಡುಗಳು ಕಬಿನಿ ಹಿನ್ನೀರಿಗೆ ಬರುತ್ತವೆ. ನೀರು ಇಳಿದ ಜಾಗದಲ್ಲಿ ಎಳೆ ಹುಲ್ಲು ಚಿಗುರಿರುತ್ತದೆ. ಒಂದೇ ಸಂಜೆ ನೂರಾರು ಆನೆ ಕಣ್ಣಿಗೆ ಬೀಳುವುದುಂಟು. ಮಳೆ ಬಿದ್ದ ಮೇಲೆ ಮತ್ತೆ ಚದುರುತ್ತವೆ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು, 100 ಲೀಟರಿಗೂ ಜಾಸ್ತಿ ನೀರು ಬೇಕು. ಒಂದೇ ಕಡೆ ನಿಂತರೆ ಯಾವ ಕಾಡೂ ಅದನ್ನು ಸಾಕಲಾರದು. ನೀಲಗಿರಿ ಸುತ್ತಮುತ್ತ ರೇಡಿಯೊ ಕಾಲರ್ ಹಾಕಿ ನೋಡಿದಾಗ ಒಂದೊಂದು ಹಿಂಡು 500 ಚದರ ಕಿಲೋಮೀಟರಿಗೂ ಮೀರಿದ ಪ್ರದೇಶ ಸುತ್ತುವುದು ಗೊತ್ತಾಗಿದೆ.

ಹೀಗೆ ಸುತ್ತುವಾಗ ದೊಡ್ಡ ಕಾಡಿನಿಂದ ದೊಡ್ಡ ಕಾಡಿಗೆ ದಾಟಲು ಕೆಲವು ಕಡೆ ಕಿರಿದಾದ ಪಟ್ಟಿ ಮಾತ್ರ ಉಳಿದಿದೆ. ಅದಕ್ಕೇ ಕಾರಿಡಾರ್ ಅನ್ನುವುದು. ಕೇಂದ್ರ ಸರ್ಕಾರ 2023ರಲ್ಲಿ ದೇಶದಲ್ಲಿ ಇಂಥ 150 ಕಾರಿಡಾರ್‌ಗಳ ಪಟ್ಟಿ ಕೊಟ್ಟಿತು. 2010ರ ಲೆಕ್ಕದಲ್ಲಿ 88 ಇದ್ದವು. ಸಂಖ್ಯೆ ಏರಿತು ಅಂತ ಖುಷಿ ಪಡುವ ಹಾಗಿಲ್ಲ. ಮೊದಲು ಅಗಲವಾಗಿ ಒಂದಾಗಿದ್ದ ಕಾಡು ತುಂಡಾದಾಗಲೂ ಎರಡು ತುಂಡಿನ ನಡುವೆ ಹೊಸದೊಂದು ಕಾರಿಡಾರ್ ಹುಟ್ಟುತ್ತದೆ.

ನಮ್ಮ ರಾಜ್ಯದ ಪಾಲಿಗೆ ಇದು ದೊಡ್ಡ ವಿಷಯ. ದೇಶದಲ್ಲೇ ಜಾಸ್ತಿ ಆನೆ ಇರುವುದು ಕರ್ನಾಟಕದಲ್ಲಿ. 2025ರಲ್ಲಿ ಬಂದ ಲೆಕ್ಕದ ಪ್ರಕಾರ 6,013. ಲದ್ದಿಯಲ್ಲಿನ ಡಿಎನ್‌ಎ ನೋಡಿ ಮಾಡಿದ ಲೆಕ್ಕ ಅದು.

ಕಾರಿಡಾರ್ ಅಂದ ತಕ್ಷಣ ಜನರ ಕಣ್ಣ ಮುಂದೆ ಸಾವಿರಾರು ಎಕರೆ ಬರುತ್ತದೆ. ಎಲ್ಲ ಕಡೆಯೂ ಹಾಗಿಲ್ಲ. ಕೊಳ್ಳೇಗಾಲದ ಕಡೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್ ನೋಡಿ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು. ನಡುವೆ ರಸ್ತೆ, ಹೊಲ. ಆನೆ ದಾಟಲೇಬೇಕಾದ ಆಯಕಟ್ಟಿನ ಜಾಗ ಕೆಲವೇ ರೈತರ ಹೆಸರಿನಲ್ಲಿತ್ತು. ಮಳೆ ನಂಬಿದ ಹೊಲ, ಬೆಳೆ ಬಂದರೂ ಆನೆ ಬಾಯಿಗೆ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ ಜೊತೆಗಾರ ಸಂಸ್ಥೆಗಳ ಜೊತೆ ಸೇರಿ ಅಲ್ಲಿ ಸುಮಾರು 25 ಎಕರೆಯನ್ನು ರೈತರಿಂದ ಕ್ರಯಕ್ಕೆ ತೆಗೆದುಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಭೂಸ್ವಾಧೀನದ ನೋಟಿಸು ಬರಲಿಲ್ಲ. ಮಾರುವವನೂ ಒಪ್ಪಿ, ಕೊಳ್ಳುವವನೂ ಒಪ್ಪಿ ಆದ ವ್ಯವಹಾರ. ಇಪ್ಪತ್ತೈದು ಎಕರೆ ಅಂದರೆ ಬೆಂಗಳೂರಿನ ಹೊರಗೆ ಒಂದು ಸಣ್ಣ ಲೇಔಟ್. ಅಷ್ಟು ಜಾಗ ಎರಡು ಬೆಟ್ಟ ಸೀಮೆಯ ಕಾಡುಗಳನ್ನು ಜೋಡಿಸಿತು.

ನಮ್ಮ ಬ್ರಹ್ಮಗಿರಿ, ನಾಗರಹೊಳೆಗೆ ಅಂಟಿಕೊಂಡಿರುವ ವಯನಾಡಿನ ತಿರುನೆಲ್ಲಿ–ಕುದ್ರಕೋಟೆ ಕಾರಿಡಾರ್‌ನಲ್ಲಿ ಕೆಲಸ ಇನ್ನೂ ಕಷ್ಟದ್ದಾಗಿತ್ತು. ಅಲ್ಲಿ ಹೊಲ ಮಾತ್ರವಲ್ಲ, ಮನೆಗಳೂ ಇದ್ದವು. ಆನೆ ದಾರಿಯ ಮಧ್ಯೆಯೇ ಸಣ್ಣ ಸಣ್ಣ ಊರುಗಳು. ಸಂಜೆಯಾದರೆ ಜನ ಹೊರಗೆ ಬರುವ ಹಾಗಿಲ್ಲ. ಮಾತುಕತೆ ವರ್ಷಗಟ್ಟಲೆ ನಡೆಯಿತು. ನಾಲ್ಕು ಊರುಗಳ 37 ಕುಟುಂಬಗಳು ಒಪ್ಪಿ ಬೇರೆ ಕಡೆ ಹೋದವು. 2015ರಲ್ಲಿ ಆ ಜಮೀನು ಕೇರಳ ಅರಣ್ಯ ಇಲಾಖೆಗೆ ಸೇರಿತು. ಊರು ಬಿಡುವುದು ಸುಲಭದ ಮಾತಲ್ಲ. ಅದನ್ನು ಸಾಧನೆ ಅಂತ ಕುಣಿದಾಡುವುದು ನನಗೆ ಇಷ್ಟವಿಲ್ಲ. ಆದರೆ ಹೋಗುವ ಮೊದಲು ಅವರನ್ನು ಕೇಳಿದ್ದರು ಅನ್ನುವುದು ಮುಖ್ಯ.

ಇದಕ್ಕೆ ತದ್ವಿರುದ್ಧವಾದದ್ದು ಸೀಗೂರು. ಮಸಿನಗುಡಿ ಇರುವ ಪ್ರಸ್ಥಭೂಮಿ. ದಕ್ಷಿಣಕ್ಕೆ ನೀಲಗಿರಿ ಬೆಟ್ಟ ಗೋಡೆಯ ಹಾಗೆ ಎದ್ದಿದೆ. ಉತ್ತರಕ್ಕೆ ಮೋಯಾರ್ ನದಿಯ ಆಳವಾದ ಕಮರಿ. ಎರಡೂ ಕಡೆ ಆನೆ ಹತ್ತಲಾರದು, ಇಳಿಯಲಾರದು. ಪಶ್ಚಿಮ ಘಟ್ಟದಿಂದ ಪೂರ್ವ ಘಟ್ಟದ ಕಡೆ ಹೋಗುವ ಆನೆಗೆ ನಡುವಿನ ಬಯಲೇ ಗತಿ. ಅದೇ ಬಯಲಿನಲ್ಲಿ ರೆಸಾರ್ಟುಗಳು ಎದ್ದವು. ಸುತ್ತ ತಂತಿ ಬೇಲಿ ಬಂತು. 2010ರಲ್ಲಿ ತಮಿಳುನಾಡು ಸರ್ಕಾರ ಕಾರಿಡಾರ್ ಅಂತ ಅಧಿಸೂಚನೆ ಹೊರಡಿಸಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಒಪ್ಪಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 2018ರಲ್ಲಿ ರೆಸಾರ್ಟುಗಳಿಗೆ ಬೀಗ ಬಿತ್ತು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನೇ ಎತ್ತಿಹಿಡಿದು, ಮಾಲೀಕರ ಅಹವಾಲು ಕೇಳಲು ನಿವೃತ್ತ ನ್ಯಾಯಮೂರ್ತಿ ಕೆ. ವೆಂಕಟರಾಮನ್ ಅವರ ಸಮಿತಿ ಮಾಡಿತು.

ಆನೆಯ ಕಡೆಯಿಂದ ನೋಡಿದರೆ ತೀರ್ಪು ಸರಿ. ನಾನೂ ಅದನ್ನು ಸ್ವಾಗತಿಸಿದವನು. ಆದರೆ ಆ ಹತ್ತು ವರ್ಷದಲ್ಲಿ ಅಲ್ಲಿ ಮನಸ್ಸುಗಳು ಕೆಟ್ಟವು. ಅಧಿಸೂಚನೆಯ ಗೆರೆಯೊಳಗೆ ಬಿದ್ದವರೆಲ್ಲ ರೆಸಾರ್ಟ್ ಮಾಲೀಕರಲ್ಲ. ಎರಡು ಎಕರೆಯ ರೈತ ಇದ್ದ. ಜೀಪು ಓಡಿಸುವ ಹುಡುಗ ಇದ್ದ. ತಲೆಮಾರುಗಳಿಂದ ಅಲ್ಲೇ ಇರುವ ಇರುಳರು, ಕುರುಂಬರು ಇದ್ದರು. ದೊಡ್ಡ ದುಡ್ಡಿನವರ ಕೇಸಿನಲ್ಲಿ ಇವರ ಮಾತು ಕೇಳಿಸಲೇ ಇಲ್ಲ. 2021ರ ಜನವರಿಯಲ್ಲಿ ಮಸಿನಗುಡಿಯ ಹತ್ತಿರ ಒಂದು ಗಂಡಾನೆಯ ಮೇಲೆ ಉರಿಯುವ ಟೈರ್ ಎಸೆದರು. ಕಿವಿ ಹತ್ತಿ ಉರಿಯುತ್ತಾ ಅದು ಓಡಿದ ವಿಡಿಯೊವನ್ನು ದೇಶವೇ ನೋಡಿತು. ಆನೆ ಉಳಿಯಲಿಲ್ಲ. ಅದನ್ನು ಮಾಡಿದ ಕೈಗಳಿಗೆ ಕ್ಷಮೆ ಇಲ್ಲ. ಆದರೆ ಆನೆಯ ಮೇಲೆ ಅಷ್ಟು ಸಿಟ್ಟು ಹುಟ್ಟುವ ಗಾಳಿ ಅಲ್ಲಿ ಹೇಗೆ ಬಂತು ಅಂತಲೂ ಕೇಳಿಕೊಳ್ಳಬೇಕು.

ಕಾಡಂಚಿನ ಊರುಗಳಲ್ಲಿ ಆನೆಗಿಂತ ಜಾಸ್ತಿ ಹೆದರಿಕೆ ಹುಟ್ಟಿಸುವುದು ಕಾರಿಡಾರ್ ಅನ್ನುವ ಪದ. ನಗರದಲ್ಲಿ ಕೂತವರಿಗೆ ಇದು ಸುಲಭವಾಗಿ ಅರ್ಥವಾಗುವುದಿಲ್ಲ. ಆನೆ ಬಂದರೆ ಒಂದು ವರ್ಷದ ಬೆಳೆ ಹೋಗುತ್ತದೆ. ಜಮೀನಿನ ಮೇಲೆ ಕಾರಿಡಾರ್ ಅನ್ನುವ ಸುದ್ದಿ ಹಬ್ಬಿದರೆ ಜಮೀನೇ ಹೋದ ಹಾಗೆ. ಕೊಳ್ಳುವವರು ಬರುವುದಿಲ್ಲ. ಬ್ಯಾಂಕಿನವರು ಸಾಲ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಬೋರ್‌ವೆಲ್ ಕೊರೆಸಬಹುದಾ, ಮಗನಿಗೆ ಮನೆ ಕಟ್ಟಿಸಬಹುದಾ, ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲ. ಸರಿಯಾದ ಪಹಣಿ ಇದ್ದವನ ಪಾಡೇ ಹೀಗೆ. ಬಗರ್‌ಹುಕುಂ ಅರ್ಜಿ ಹಾಕಿ ಸಾಗುವಳಿ ಚೀಟಿಗೆ ಕಾಯುತ್ತಿರುವವನ ಗತಿ ಏನು?

2024ರ ಬೇಸಿಗೆಯಲ್ಲಿ ಗೂಡಲೂರಿನಲ್ಲಿ ಆದದ್ದು ಇದೇ. ತಮಿಳುನಾಡು ಅರಣ್ಯ ಇಲಾಖೆ 42 ಕಾರಿಡಾರ್‌ಗಳ ಕರಡು ವರದಿ ಹೊರಗೆ ಬಿಟ್ಟಿತು. ವರದಿ ಇಂಗ್ಲಿಷಿನಲ್ಲಿತ್ತು. ಅಭಿಪ್ರಾಯ ಹೇಳಲು ಕೊಟ್ಟದ್ದು ಕೆಲವೇ ದಿನ. ನಕ್ಷೆಯ ಮೇಲಿನ ಗೆರೆ ತಮ್ಮ ಮನೆಯ ಮೇಲೇ ಹಾದಿದೆಯಾ ಅಂತ ತಿಳಿಯದೆ ಜನ ಬೀದಿಗೆ ಬಂದರು. ಆನೆಗೆ ದಾರಿ ಬೇಡ ಅಂತ ಅವರು ಬರಲಿಲ್ಲ. ನಮಗೆ ಯಾಕೆ ಮೊದಲು ಹೇಳಲಿಲ್ಲ ಅಂತ ಬಂದರು. ಕರಡನ್ನು ಅಲ್ಲಿನವರ ಭಾಷೆಯಲ್ಲಿ, ಸರ್ವೆ ನಂಬರ್ ಸಮೇತ, ಗ್ರಾಮಸಭೆಯ ಮುಂದೆ ಇಟ್ಟು, ಏನು ಮಾಡಬಹುದು, ಏನು ಮಾಡಬಾರದು ಅಂತ ಬಾಯಿಬಿಟ್ಟು ಹೇಳಿದ್ದರೆ ಅರ್ಧ ಗಲಾಟೆ ಅಲ್ಲೇ ಇಳಿಯುತ್ತಿತ್ತು.

ಮಾತಾಡುವುದು ನಿಧಾನ, ಬೇಲಿ ಬೇಗ. ಹಾಗಾಗಿ ಎಲ್ಲ ಕಡೆ ಬೇಲಿ ಬರುತ್ತದೆ. ಮೊದಲು ಕಂದಕ ತೋಡಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ದಡ ಕುಸಿದು ಕಂದಕ ತುಂಬಿತು. ಆನೆಯೇ ಕಾಲಿನಿಂದ ಮಣ್ಣು ತಳ್ಳಿ ಇಳಿಜಾರು ಮಾಡಿಕೊಂಡು ದಾಟಿತು. ಆಮೇಲೆ ಸೋಲಾರ್ ಬೇಲಿ. ದಂತಕ್ಕೆ ಶಾಕ್ ತಾಗುವುದಿಲ್ಲ ಅಂತ ಗಂಡಾನೆಗಳು ಕಲಿತವು. ದಂತದಲ್ಲೇ ತಂತಿ ಎತ್ತಿ ಕಿತ್ತವು. ದಂತ ಇಲ್ಲದವು ಒಣ ಮರ ತಂದು ತಂತಿಯ ಮೇಲೆ ಕೆಡವಿದವು. ಈಗ ರೈಲ್ವೆ ಕಂಬಿಯ ಬೇಲಿ. ಹಳೆ ಹಳಿಗಳನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿ ಅಡ್ಡ ಬೆಸೆದದ್ದು. ಗಟ್ಟಿ, ಆದರೆ ದುಬಾರಿ. 2018ರ ಡಿಸೆಂಬರ್‌ನಲ್ಲಿ ನಾಗರಹೊಳೆಯ ಅಂಚಿನಲ್ಲಿ ಒಂದು ಸಲಗ ಊರಿನ ಕಡೆಯಿಂದ ಕಾಡಿಗೆ ವಾಪಸ್ ಹೋಗುವಾಗ ಈ ಕಂಬಿ ಹತ್ತಿ ದಾಟಲು ಹೋಗಿ ಸಿಕ್ಕಿಕೊಂಡಿತು. ಮುಂಗಾಲು ಆಚೆ, ಹಿಂಗಾಲು ಈಚೆ. ಹಾಗೇ ಸತ್ತಿತು. ಆ ಫೋಟೊ ನೋಡಿದವರು ಮರೆಯಲಾರರು.

ಬೇಲಿಯೇ ಬೇಡ ಅನ್ನುವವನಲ್ಲ ನಾನು. ಊರಿನ ಹಿತ್ತಿಲಿಗೆ, ಬೆಳೆ ನಿಂತ ಹೊಲಕ್ಕೆ ಬೇಲಿ ಬೇಕು. ಆದರೆ ಆನೆ ದಾಟುವ ಬಾಯಿಗೇ ಬೇಲಿ ಹಾಕಿದರೆ ಅದು ನಿಲ್ಲುವುದಿಲ್ಲ, ಪಕ್ಕದ ಊರಿಗೆ ತಿರುಗುತ್ತದೆ. ಒಂದು ಊರಿನ ಎಂಎಲ್‌ಎ ಬೇಲಿ ಹಾಕಿಸಿದರೆ ಮುಂದಿನ ಊರಿನವರು ರಾತ್ರಿ ನಿದ್ದೆ ಕಳೆದುಕೊಳ್ಳುತ್ತಾರೆ.

ಹಾಸನ ಜಿಲ್ಲೆಯವರಿಗೆ ಈ ಪಾಠ ಚೆನ್ನಾಗಿ ಗೊತ್ತು. ಆಲೂರು, ಸಕಲೇಶಪುರದ ಕಾಫಿ ತೋಟ, ಗದ್ದೆ, ಅಲ್ಲಲ್ಲಿ ಉಳಿದ ಚೂರು ಕಾಡಿನಲ್ಲೇ ಆನೆಗಳು ಬದುಕುತ್ತಿವೆ. ಹೈಕೋರ್ಟ್ ಸೂಚನೆಯ ಮೇಲೆ ಆದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅದರ ಮುಖ್ಯಸ್ಥರು. ಆನೆಗೇ ಮೀಸಲಾದ ಪ್ರದೇಶ, ಆನೆ ಮತ್ತು ಜನ ಒಟ್ಟಿಗೆ ಇರಬಹುದಾದ ಪ್ರದೇಶ, ಆನೆಯನ್ನು ತೆಗೆಯಲೇಬೇಕಾದ ಪ್ರದೇಶ ಅಂತ ಮೂರು ಭಾಗ ಮಾಡಿ ಹೇಳಿತು. ಆಲೂರು ಮೂರನೆಯದರಲ್ಲಿ ಬಂತು. 22 ಆನೆಗಳನ್ನು ಹಿಡಿದರು. ಸ್ವಲ್ಪ ದಿನ ನಿರಾಳ. ಆಮೇಲೆ ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಹಿಡಿಯುವುದೂ ಸಾಗಿಸುವುದೂ ಮುಂದುವರಿಯಿತು. 2023ರ ಡಿಸೆಂಬರ್‌ನಲ್ಲಿ ಇಂಥದ್ದೇ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ, ಕಾಡಾನೆಯ ಜೊತೆ ಕಾದಾಡಿ ಸತ್ತ. ನಾಡಿಗೆ ನಾಡೇ ಅತ್ತಿತು.

ಈಗ ಆ ಕಡೆ ಇನ್ನೊಂದು ದಾರಿ ನಿಧಾನವಾಗಿ ಬೇರು ಬಿಟ್ಟಿದೆ. ಹಿಂಡಿನ ಹಿರಿಯ ಹೆಣ್ಣಾನೆಗೆ ರೇಡಿಯೊ ಕಾಲರ್. ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜು, ವಾಟ್ಸಾಪ್ ಗುಂಪಿಗೆ ಸುದ್ದಿ, ರಸ್ತೆ ಪಕ್ಕ ಬೋರ್ಡು. ತೋಟದವರಿಗೆ ಈಗ ಆನೆಗಳ ಹೆಸರೇ ಗೊತ್ತು. ಬೀಟಮ್ಮನ ಗ್ಯಾಂಗ್ ಎಲ್ಲಿದೆ, ಭೀಮ ಯಾವ ಕಡೆ ಹೋದ ಅಂತ ಬೆಳಿಗ್ಗೆ ಕಾಫಿ ಕುಡಿಯುವಾಗಲೇ ವಿಚಾರಿಸುತ್ತಾರೆ. ಮೆಸೇಜು ನೋಡಿ ಆ ದಿನ ಆ ಬ್ಲಾಕಿಗೆ ಆಳು ಕಳಿಸುವುದಿಲ್ಲ. ಮಕ್ಕಳನ್ನು ಸ್ಕೂಲಿಗೆ ಜೀಪಿನಲ್ಲಿ ಬಿಡುತ್ತಾರೆ.

ಇದರ ಮೂಲ ತಮಿಳುನಾಡಿನ ಆನೈಮಲೈ ಬೆಟ್ಟದ ವಾಲ್ಪಾರೈನಲ್ಲಿದೆ. ಅಲ್ಲಿನ ಚಹಾ ತೋಟಗಳಲ್ಲಿ ಜನ ಹೇಗೆ ಸಾಯುತ್ತಿದ್ದಾರೆ ಅಂತ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಶೋಧಕರು ನೋಡಿದರು. ಆನೆ ಹುಡುಕಿಕೊಂಡು ಬಂದು ಕೊಂದದ್ದಲ್ಲ. ಆನೆ ಇದೆ ಅಂತ ಗೊತ್ತಿಲ್ಲದೆ, ಸಂಜೆ ಬಸ್ಸಿಳಿದು ಮನೆಗೆ ನಡೆದು ಹೋಗುವಾಗ ಎದುರಾಗಿ ಸತ್ತವರೇ ಜಾಸ್ತಿ. ಹಾಗಾದರೆ ಗೊತ್ತು ಮಾಡಿಸೋಣ ಅಂತ ಹೊರಟರು. ಮೊದಲು ಕೇಬಲ್ ಟಿವಿಯಲ್ಲಿ ಕೆಳಗೆ ಓಡುವ ಅಕ್ಷರ, ಆಮೇಲೆ ಎಸ್ಸೆಮ್ಮೆಸ್ಸು, ಆಮೇಲೆ ದೂರದಿಂದಲೇ ಹೊತ್ತಿಸಬಹುದಾದ ಕೆಂಪು ದೀಪ. ಸಾವು ಇಳಿಯಿತು. ನಮ್ಮ ದೇಶದಲ್ಲಿ ಆನೆಯಿಂದ ವರ್ಷಕ್ಕೆ 500ಕ್ಕೂ ಹೆಚ್ಚು ಜನ ಸಾಯುತ್ತಿರುವಾಗ ಈ ಕೆಂಪು ದೀಪ ಸಣ್ಣ ವಿಷಯವಲ್ಲ.

ಗಮನಿಸಿ, ಇದೂ ಹೊತ್ತಿನ ಹಂಚಿಕೆಯೇ. ಈ ಹೊತ್ತಿಗೆ ಇಲ್ಲಿ ಆನೆ ಇದೆ, ನೀನು ಸ್ವಲ್ಪ ತಡೆ. ಅದು ಹೋದ ಮೇಲೆ ನಿನ್ನ ಕೆಲಸ. ಬಂಡೀಪುರದ ಗೇಟು ಮಾಡುವುದನ್ನೇ ಇಲ್ಲಿ ಒಂದು ಮೆಸೇಜು ಮಾಡುತ್ತಿದೆ. ಆದರೆ ಬೆಳೆಯ ನಷ್ಟ ಇದರಿಂದ ನಿಲ್ಲುವುದಿಲ್ಲ. ತೋಟದ ಮಾಲೀಕ ತಡೆದುಕೊಂಡಾನು. ಅರ್ಧ ಎಕರೆ ಭತ್ತದ ಗದ್ದೆಯವನು ತಡೆದುಕೊಳ್ಳಲಾರ.

ನಗರದ ಅಂಚಿನಲ್ಲಿ ಕಥೆ ಬೇರೆ. ಬನ್ನೇರುಘಟ್ಟದ ಕಾಡು ಉದ್ದಕ್ಕೆ ಎಳೆದ ಹಾಗಿದೆ, ಕೆಲವು ಕಡೆ ಸೊಂಟ ತೀರಾ ಸಣ್ಣ. ಅಂಥ ಜಾಗದಲ್ಲಿರುವುದು ಕರಡಿಕ್ಕಲ್–ಮಾದೇಶ್ವರ ಕಾರಿಡಾರ್. ಪಕ್ಕದಲ್ಲೇ ಬೆಂಗಳೂರು. 2016ರ ಕರಡಿನಲ್ಲಿ ಈ ಉದ್ಯಾನದ ಸುತ್ತ 268.96 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯ, ಅಂದರೆ ಕಟ್ಟಡ, ಗಣಿ ಕೆಲಸಕ್ಕೆ ಮಿತಿ ಇರುವ ಅಂಚು, ಅಂತ ಇತ್ತು. 2020ರ ಅಂತಿಮ ಆದೇಶದಲ್ಲಿ ಅದು 168.84ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರ್ ಕೈಬಿಟ್ಟಿತು. ಅಲ್ಲಿ ಎಕರೆಗೆ ಕೋಟಿಗಳಲ್ಲಿ ಮಾತು ನಡೆಯುತ್ತದೆ. ಆನೆಗಾಗಿ ಜಮೀನು ಹಾಗೇ ಬಿಡು ಅಂತ ರೈತನಿಗೆ ಹೇಳಿದರೆ ಅವನು ಸುಮ್ನೆ ನಗುತ್ತಾನೆ. ನಗುವುದರಲ್ಲಿ ತಪ್ಪೂ ಇಲ್ಲ.

ಕೀನ್ಯಾದ ನೈರೋಬಿ ಪಕ್ಕದಲ್ಲೂ ಇದೇ ಕಷ್ಟ. ನೈರೋಬಿ ರಾಷ್ಟ್ರೀಯ ಉದ್ಯಾನದ ದಕ್ಷಿಣಕ್ಕೆ ಬೇಲಿ ಇಲ್ಲ. ಮಳೆಗಾಲದಲ್ಲಿ ಜೀಬ್ರಾ, ವೈಲ್ಡ್‌ಬೀಸ್ಟ್ ಹಿಂಡುಗಳು ಆ ಕಡೆಯಿಂದ ಕಿಟೆಂಗೇಲಾ ಬಯಲಿಗೆ ಹೋಗುತ್ತವೆ. ಬಯಲು ಮಸಾಯಿ ಜನರದ್ದು, ದನ ಮೇಯಿಸುವವರದ್ದು. ಭೂಮಿ ಭಾಗವಾಗಿ ಒಬ್ಬೊಬ್ಬರ ಹೆಸರಿಗೆ ಬಂದ ಮೇಲೆ ಬೇಲಿಗಳು ಎದ್ದವು. 2000ದಲ್ಲಿ ಒಂದು ಯೋಜನೆ ಶುರುವಾಯಿತು. ಬೇಲಿ ಹಾಕಬೇಡ, ಉಳಬೇಡ, ಕಲ್ಲು ತೆಗೆಸಬೇಡ, ಎಕರೆಗೆ ವರ್ಷಕ್ಕೆ 4 ಡಾಲರ್ ಬಾಡಿಗೆ ತೆಗೆದುಕೋ. ದನ ಮೇಯಿಸಲು ಅಡ್ಡಿ ಇಲ್ಲ. ಭೂಮಿ ಅವರದ್ದೇ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ದುಡ್ಡು ಕೊಡುವ ಹೊತ್ತು. ವರ್ಷಕ್ಕೆ ಮೂರು ಕಂತು, ಮಕ್ಕಳ ಸ್ಕೂಲು ಫೀಸು ಕಟ್ಟುವ ಸಮಯಕ್ಕೆ ಸರಿಯಾಗಿ. ಯೋಜನೆ ದಾನಿಗಳ ದುಡ್ಡಿನ ಮೇಲೆ ನಿಂತಿತ್ತು. ನೈರೋಬಿ ಬೆಳೆದು ಜಮೀನಿನ ಬೆಲೆ ಏರಿದಾಗ 4 ಡಾಲರ್ ಯಾವ ಲೆಕ್ಕಕ್ಕೂ ಬರಲಿಲ್ಲ. ಆ ಸೋಲನ್ನೂ ನಾವು ನೋಡಬೇಕು. ಬನ್ನೇರುಘಟ್ಟದಂಥ ಕಡೆ ಬಾಡಿಗೆಯ ಮಾತು ಈಗ ತಡವಾಗಿದೆ. ಗುಂಡ್ಲುಪೇಟೆ, ಹನೂರು, ತಾಳವಾಡಿಯಂಥ ಕಡೆ ಇನ್ನೂ ತಡವಾಗಿಲ್ಲ.

ನಮ್ಮ ಕಾನೂನಿನಲ್ಲಿ ಇದಕ್ಕೆ ಬಾಗಿಲು ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದಾಗ ಎರಡು ಹೊಸ ಬಗೆಯ ಮೀಸಲು ಪ್ರದೇಶಗಳು ಸೇರಿದವು. ಒಂದು, ಸರ್ಕಾರಿ ಜಾಗದಲ್ಲಿ, ಎರಡು ಕಾಡುಗಳನ್ನು ಜೋಡಿಸುವ ಕಡೆ, ಊರಿನವರ ಜೊತೆ ಸಮಾಲೋಚನೆ ಮಾಡಿ ಘೋಷಿಸುವುದು. ಇನ್ನೊಂದು, ಖಾಸಗಿ ಅಥವಾ ಊರೊಟ್ಟಿನ ಜಾಗದಲ್ಲಿ, ಊರಿನವರೇ ಮುಂದೆ ಬಂದರೆ ಮಾಡುವ ಸಮುದಾಯ ಮೀಸಲು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗೆ ಸಮುದಾಯ ಮೀಸಲಾಯಿತು. ಅಲ್ಲಿ ಕೊಕ್ಕರೆ, ಹೆಜ್ಜಾರ್ಲೆ ಹಕ್ಕಿಗಳು ಪ್ರತಿ ವರ್ಷ ಬಂದು ಊರಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡಿರುವ ಮರದ ಹುಣಸೆ ಫಸಲು ಬಿಟ್ಟುಕೊಟ್ಟದ್ದಕ್ಕೆ ಮಾಲೀಕನಿಗೆ ಇಲಾಖೆ ಮರಕ್ಕೆ ಇಷ್ಟು ಅಂತ ಕೊಡುತ್ತದೆ. ಮರ ಅವನದ್ದೇ, ಹಕ್ಕಿ ಊರಿನದ್ದು. ಬೆಟ್ಟದ ಮೇಲೆ ಸೋಲಿಗರಿಗೂ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೇ, ಅದೂ ಅದೇ ವರ್ಷ ಹುಲಿ ಮೀಸಲು ಅಂತ ಘೋಷಣೆಯಾದ ಕಾಡಿನಲ್ಲಿ. ಜನರಿಗೆ ಹಕ್ಕು ಕೊಟ್ಟರೆ ಕಾಡು ಹಾಳಾಗುತ್ತದೆ ಅನ್ನುವವರು ಒಮ್ಮೆ ಅಲ್ಲಿನ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಹೋಗಿ ಬರಲಿ.

ಒಂದು ಮರದ ಹುಣಸೆಗೆ ಲೆಕ್ಕ ಹಾಕುವ ಸರ್ಕಾರ, ಒಂದು ರಾತ್ರಿಯ ಕಾವಲಿಗೆ ಇನ್ನೂ ಲೆಕ್ಕ ಹಾಕಿಲ್ಲ. ಬೆಳೆ ಹೋದ ಮೇಲೆ ಪರಿಹಾರ ಇದೆ. ಅರ್ಜಿ, ಫೋಟೊ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕು, ಮಹಜರು. ಆದರೆ ಬೆಳೆ ಹೋಗದ ಹಾಗೆ ನೋಡಿಕೊಂಡವನಿಗೆ ಏನೂ ಇಲ್ಲ.

ನವೆಂಬರ್ ಹೊತ್ತಿಗೆ ಗುಂಡ್ಲುಪೇಟೆ ಕಡೆ ರಾಗಿ ತೆನೆ ಬಲಿತು ಬಾಗಿರುತ್ತದೆ. ಹೊಲದ ಅಂಚಿನ ಮರದಲ್ಲಿ ನಾಲ್ಕು ಗಳ ಕಟ್ಟಿ ಮಾಡಿದ ಅಟ್ಟಣೆ. ಮೇಲೆ ಗೋಣಿಚೀಲ, ಕಂಬಳಿ, ಟಾರ್ಚು, ಬಡಿಯಲು ಒಂದು ತಗಡಿನ ಡಬ್ಬ, ನಾಲ್ಕು ಪಟಾಕಿ. ಅಪ್ಪ ಒಂದು ರಾತ್ರಿ, ಮಗ ಒಂದು ರಾತ್ರಿ. ಕೊಯ್ಲು ಮುಗಿಯುವವರೆಗೆ ತಿಂಗಳುಗಟ್ಟಲೆ ಹೀಗೆ. ಬೆಳಿಗ್ಗೆ ಕಣ್ಣು ಕೆಂಪು ಮಾಡಿಕೊಂಡೇ ಕೂಲಿಗೆ ಹೋಗುತ್ತಾರೆ, ಮಗ ಕಾಲೇಜಿನ ಬೆಂಚಿನಲ್ಲಿ ತೂಕಡಿಸುತ್ತಾನೆ. ಮೋಡವಿಲ್ಲದ ರಾತ್ರಿ ಅಟ್ಟಣೆಯ ಮೇಲೆ ಕೂತರೆ ದೂರದ ರಸ್ತೆಯ ಲಾರಿ ಸದ್ದು ಕೇಳುತ್ತಿರುತ್ತದೆ. ಒಂಬತ್ತಾದ ಮೇಲೆ ಅದು ನಿಲ್ಲುತ್ತದೆ. ಗೇಟು ಬಿತ್ತು ಅಂತ ಅವನಿಗೆ ಗೊತ್ತಾಗುವುದು ಹಾಗೆ. ಆಗ ಕಂಬಳಿ ಸರಿಸಿ, ಎದ್ದು ಕೂತು, ಟಾರ್ಚು ಕೈಗೆ ತೆಗೆದುಕೊಳ್ಳುತ್ತಾನೆ. ಅವನ ಡ್ಯೂಟಿ ಆಗ ಶುರು. ಆ ಡ್ಯೂಟಿಗೆ ಇವತ್ತಿಗೂ ಸಂಬಳ ಇಲ್ಲ.